ಟವೆಲ್ ಹಾಕಿದ ಸೀಟು

ಮುದ್ದೇಬಿಹಾಳ
12 ಆಗಸ್ಟ್ 2002

ಮಲಂಗಕಾಕಾ ಅವರಿಗೆ,

ಅವತ್ತು ನಿಮ್ಮ ಗಾಡಿ ನಿಂತಿತ್ತು.

ಈ ಒಂದು ಮಾತನ್ನು ನಾಲ್ಕು ವರ್ಷ ನಾಲ್ಕು ತಿಂಗಳು ನಾನು ಯಾರಿಗೂ ಹೇಳಿಲ್ಲ. ಬೇರೆ ವಿಷಯಗಳಲ್ಲಿ ನನ್ನ ಬಾಯಿಗೆ ಬೀಗವಿಲ್ಲ. ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಯ ಮುಂದೆಯೇ ‘ಈ ಬೇಳಿ ಹ್ವಾದ ವರ್ಷದ್ದು’ ಅಂದು ಅದೇ ಸಂಜೆ ಹೊರಬಿದ್ದೆ. ಬೀಜದ ಅಂಗಡಿಯಲ್ಲಿ ಒಂಬತ್ತು ದಿನ ಇದ್ದೆ. ಇಂಥವನು ಈ ಒಂದನ್ನು ಮಾತ್ರ ನುಂಗಿಕೊಂಡು ಕುಳಿತಿದ್ದೆ.

1998ರ ಏಪ್ರಿಲ್, ಎಸ್ಸೆಸ್ಸೆಲ್ಸಿ ಗಣಿತದ ಪೇಪರಿನ ದಿನ. ಹಿಪ್ಪರಗಿ ಕ್ರಾಸಿನಲ್ಲಿ ತುಂಬಿಕೊಂಡು ಬರುವ ಟ್ರ್ಯಾಕ್ಸ್ ಗಾಡಿಗಳು ನಮ್ಮ ಕರಿಮಟ್ಟಿಯಲ್ಲಿ ನಿಲ್ಲುವುದಿಲ್ಲ, ಮಗನಿಗೊಂದು ಸೀಟು ಹಿಡಿದಿಡಿ ಎಂದು ಅವ್ವ ಹಿಂದಿನ ದಿನವೇ ನಿಮಗೆ ಹೇಳಿ ಬಂದಿದ್ದಳು. ನೀವು ನಿಮ್ಮ ಪಕ್ಕದ ಸೀಟಿನ ಮೇಲೆ ಹಸಿರು ಚೌಕಡಿ ಟವೆಲ್ ಹಾಕಿ, ಕ್ರಾಸಿನಿಂದ ಯಾರನ್ನೂ ಅಲ್ಲಿ ಕೂಡಿಸದೆ ಬಂದಿರಿ. ನಾನು ತಂಗುದಾಣದ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ. ಗೋಡೆಯಲ್ಲಿ ಇಟ್ಟಿಗೆ ಬಿದ್ದ ಕಿಂಡಿಯೊಂದಿತ್ತು. ಅದರಿಂದ ಎಲ್ಲ ಕಂಡಿತು. ನೀವು ಮೂರು ಸಲ ಹಾರ್ನ್ ಹೊಡೆದಿರಿ. ಇಳಿದು ‘ಸೋಮ್ಯಾ, ಏ ಸೋಮ್ಯಾ’ ಎಂದು ಕೂಗಿದಿರಿ. ‘ಒಬ್ಬನ ಸಲುವಾಗಿ ಇಪ್ಪತ್ತ ಮಂದಿ ಬಿಸಲಾಗ ಬೇಯಬೇಕೇನ್ರಿ?’ ಎಂದು ಒಳಗಿನವರು ಕೂಗಾಡಿದರು. ನೀವು ಐದು ನಿಮಿಷ ನಿಂತು, ಆಮೇಲೆ ಹೋದಿರಿ.

ನನಗೆ ಗಣಿತ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಮನೆಗೆ ಹೋಗಿ ‘ಗಾಡಿ ತುಂಬಿತ್ತು, ಮಲಂಗಕಾಕಾ ನಿಲ್ಲಿಸಲೇ ಇಲ್ಲ’ ಅಂದೆ.

ಮರುದಿನ ಅವ್ವ ಮತ್ತು ಊರಿನವರು ರಸ್ತೆಗೆ ಅಡ್ಡ ನಿಂತು ನಿಮ್ಮನ್ನು ಇಳಿಸಿ ಬಾಯಿಗೆ ಬಂದಂತೆ ಬೈದಾಗ ನಾನು ಅವರ ಹಿಂದೆ ಇದ್ದೆ. ನೀವು ‘ನಾ ನಿಂತಿದ್ದೆ’ ಎಂದು ಒಂದೇ ಮಾತು ಹೇಳಿದಿರಿ. ನನ್ನ ಕಡೆ ಒಮ್ಮೆ ನೋಡಿದಿರಿ. ಆಮೇಲೆ ಸ್ಟ್ಯಾಂಡಿನ ಪಾಳಿ ಪಟ್ಟಿಯಿಂದ ನಿಮ್ಮ ಹೆಸರು ಹೋಯಿತು. ನೀವು ಇಂಡಿಗೆ ಹೋದಿರಿ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಆಟದಿಂದ. ನಗಬೇಡಿ. ಸುನಂದಾ ಟೀಚರ್ ನಡೆಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಈಗ ಅರ್ಜಿ ಟೈಪ್ ಮಾಡುವ ಕೆಲಸದಲ್ಲಿದ್ದೇನೆ. ಟೀಚರ ತಮ್ಮ ವಿಜಾಪುರದಿಂದ ಒಂದು ಸಿ.ಡಿ. ತಂದಿದ್ದ. ಅದರಲ್ಲಿ ಊರು, ಹೊಲ, ಹಳ್ಳ ಎಲ್ಲ ಆಕಾಶದಿಂದ ನೋಡಿದಂತೆ ಕಾಣುತ್ತವೆ. ನಾವು ರಸ್ತೆ ಹಾಕಬೇಕು, ಸ್ಟ್ಯಾಂಡು ಕಟ್ಟಬೇಕು, ಗಾಡಿ ಬಿಡಬೇಕು, ಯಾವ ಗಾಡಿ ಎಲ್ಲಿಂದ ಎಲ್ಲಿಗೆ ಎಂದು ಹೇಳಬೇಕು. ಊರುಗಳಿಗೆ ಇಂಗ್ಲಿಷ್ ಹೆಸರಿದ್ದವು. ನಾನು ಅಳಿಸಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಬರೆದೆ. ನಡುವಿನ ಒಂದು ಸ್ಟಾಪಿಗೆ ಕರಿಮಟ್ಟಿ ಎಂದು ಹೆಸರಿಟ್ಟೆ.

ಗಾಡಿಗೆ ಕೊಡುವ ಹುಕುಮುಗಳಲ್ಲಿ ಒಂದು ‘ಪೂರ್ತಿ ತುಂಬುವ ತನಕ ನಿಲ್ಲು’ ಎಂಬುದು. ನಮ್ಮ ಸ್ಟ್ಯಾಂಡಿನ ಪದ್ಧತಿಯೂ ಅದೇ ಅಲ್ಲವೇ? ಅದನ್ನೇ ಕೊಟ್ಟೆ. ಕರಿಮಟ್ಟಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಅಂಕಿ ತೋರಿಸುತ್ತದೆ. ಹನ್ನೆರಡು ಇದ್ದದ್ದು ನಲವತ್ತಾಯಿತು, ನೂರಾ ನಲವತ್ತಾಯಿತು. ಗಾಡಿ ತುಂಬಿಕೊಂಡೇ ಬರುತ್ತದೆ, ಒಬ್ಬರನ್ನೂ ಹತ್ತಿಸಿಕೊಳ್ಳಲಾರದೆ ಹೋಗುತ್ತದೆ, ಮತ್ತೊಂದು ಬರುತ್ತದೆ, ಹೋಗುತ್ತದೆ. ನನ್ನ ಸುಳ್ಳನ್ನು ಊರು ಯಾಕೆ ನಂಬಿತು ಎಂದು ಆಗ ತಿಳಿಯಿತು. ಬೇರೆ ಎಲ್ಲ ಗಾಡಿಗಳ ವಿಷಯದಲ್ಲಿ, ಬೇರೆ ಎಲ್ಲ ದಿನಗಳಲ್ಲಿ ಅದು ನಿಜವಾಗಿತ್ತು. ನಿಂತದ್ದು ನಿಮ್ಮದೊಂದೇ.

ಕ್ಷಮಿಸಿ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ನಿಜ ಇಷ್ಟು.

ಸುಳ್ಳು ಹೇಳಿದ
ಸೋಮನಿಂಗ


ಮುದ್ದೇಬಿಹಾಳ
20 ಸೆಪ್ಟೆಂಬರ್ 2002

ಮಲಂಗಕಾಕಾ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಬರಲೇಬೇಕು ಎಂದು ನಾನು ಕೇಳುವಂತಿಲ್ಲ. ಆದರೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಆಟ ಗೆದ್ದೆ.

ಮೊದಲು ನಾಲ್ಕೂ ಊರಿನಿಂದ ನಾಲ್ಕೂ ಊರಿಗೆ ನೇರ ಗಾಡಿ ಬಿಟ್ಟಿದ್ದೆ. ನಾಲ್ಕು ಊರಿಗೆ ಆರು ಜೋಡಿ. ಆರು ಹಾದಿ, ಮೂವತ್ತು ಗಾಡಿ. ಮುದ್ದೇಬಿಹಾಳದ ಸ್ಟ್ಯಾಂಡಿನೊಳಗೆ ಗಾಡಿಗೆ ಗಾಡಿ ಸಿಕ್ಕಿಕೊಂಡು ರಸ್ತೆಯ ತನಕ ಸಾಲು ನಿಂತಿತು. ಎಲ್ಲವೂ ತುಂಬುವುದಕ್ಕೆ ಕಾಯುತ್ತಿದ್ದವು, ಒಂದೂ ತುಂಬುತ್ತಿರಲಿಲ್ಲ. ಹನ್ನೊಂದು ಸಲ ಅಳಿಸಿ ಹೊಸದಾಗಿ ಶುರು ಮಾಡಿದೆ. ಸುನಂದಾ ಟೀಚರು ‘ಅರ್ಜಿ ಟೈಪ್ ಮಾಡಂದ್ರ ರಸ್ತೆ ಹಾಕ್ಕೋತ ಕುಂತಾನ’ ಎಂದು ಎಲ್ಲರಿಗೂ ಹೇಳಿಕೊಂಡು ನಕ್ಕರು.

ಹನ್ನೆರಡನೇ ಸಲ ಎಲ್ಲ ನೇರ ಹಾದಿ ಕಿತ್ತು ಹಾಕಿದೆ. ನಡುವೆ ಹಿಪ್ಪರಗಿ ಕ್ರಾಸ್ ಒಂದನ್ನೇ ಇಟ್ಟೆ. ಮುದ್ದೇಬಿಹಾಳದ ಗಾಡಿ ಅಲ್ಲಿಗೆ ಬಂದು ತಿರುಗುತ್ತದೆ. ಬಾಗೇವಾಡಿಯದೂ ಅಲ್ಲಿಗೇ, ಸಿಂದಗಿಯದೂ ಅಲ್ಲಿಗೇ. ಮೂರೂ ಒಂದೇ ಹೊತ್ತಿಗೆ ಕೂಡುತ್ತವೆ, ಜನ ಇಳಿದು ಹತ್ತಿ ಬದಲಾಯಿಸಿಕೊಳ್ಳುತ್ತಾರೆ. ‘ತುಂಬುವ ತನಕ ನಿಲ್ಲು’ ಎಂಬ ಹುಕುಮನ್ನು ತೆಗೆದುಬಿಟ್ಟೆ. ಹೋಗಿಬರಲು ವಿಶ್ರಾಂತಿ ಸೇರಿ ಎರಡೂವರೆ ತಾಸು, ಅರ್ಧ ತಾಸಿಗೊಂದು ಗಾಡಿ ಬೇಕಾದರೆ ಐದು ಗಾಡಿ ಸಾಕು. ನಮ್ಮ ಸ್ಟ್ಯಾಂಡಿನಲ್ಲಿ ದಿನಾ ಹನ್ನೊಂದು ಗಾಡಿ ಬಿಸಿಲಿಗೆ ನಿಂತಿರುತ್ತವೆ! ಟೀಚರು ನಾನು ಲೆಕ್ಕ ಹಾಕಿದ ಹಾಳೆ ನೋಡಿ, ‘ಇದ ಗಣಿತ ಅಲ್ಲೇನೋ?’ ಅಂದರು.

ಕಾಕಾ, ಒಂದು ವಾರದೊಳಗೆ (ಆಟದೊಳಗೆ ಅದು ಎಂಟು ವರ್ಷ) ಕರಿಮಟ್ಟಿಯಲ್ಲಿ ಕಾಯುವ ಜನ ನೂರಾ ನಲವತ್ತರಿಂದ ಏಳಕ್ಕೆ ಇಳಿದರು. ಏಳು! ಕುರ್ಚಿಯಿಂದ ಎದ್ದು ಕುಣಿದೆ. ಟೈಪಿಂಗ್ ಕಲಿಯುವ ಹುಡುಗಿಯರು ಹೆದರಿ ಹೊರಗೆ ಓಡಿದರು.

ಆದರೆ ಒಂದು ಸಂಗತಿ ಆಟದಲ್ಲಿ ಮಾಡಲು ಬರುವುದಿಲ್ಲ. ನಡುವಿನ ಊರಿನವನಿಗಾಗಿ ಮೊದಲ ಊರಿನಿಂದಲೇ ಜಾಗ ಖಾಲಿ ಇಟ್ಟುಕೊಂಡು ಬರಲು ಅಲ್ಲಿ ಹುಕುಮೇ ಇಲ್ಲ. ಆಟದಲ್ಲಿ ಟವೆಲ್ ಇಲ್ಲ. ಅದು ನಿಮ್ಮದು.

ಇದನ್ನೆಲ್ಲ ನಮ್ಮ ಸ್ಟ್ಯಾಂಡಿನಲ್ಲಿ ಹೇಳಬೇಕೆಂದಿದ್ದೇನೆ. ಟವೆಲಿನ ಮಾತು ಬಂದರೆ ನಿಮ್ಮ ಹೆಸರು ಹೇಳಬೇಕು. ನಿಮ್ಮ ಹೆಸರು ಹೇಳಿದರೆ ನನ್ನ ಸುಳ್ಳು ಹೊರಬೀಳುತ್ತದೆ, ಆಮೇಲೆ ನನ್ನ ಮಾತು ಯಾರು ಕೇಳುತ್ತಾರೆ? ಏನು ಮಾಡಲಿ?

ನೇರ ಹಾದಿ ಕಿತ್ತ ಮೇಲೆ ನಕ್ಷೆಯಲ್ಲಿ ಇಂಡಿ ಒಂಟಿಯಾಗಿ ಉಳಿದಿದೆ. ನೀವಿರುವ ಊರಿಗೆ ನಿಮ್ಮನ್ನು ಕೇಳದೆ ಮತ್ತೆ ರಸ್ತೆ ಹಾಕಲು ಮನಸ್ಸಾಗಲಿಲ್ಲ.

ಉತ್ತರದ ಹಾದಿ ಕಾಯುವ
ಸೋಮನಿಂಗ


ಇಂಡಿ
11 ಅಕ್ಟೋಬರ್ 2002

ಸೋಮನಿಂಗಗ,

ನಿನ್ನ ಎರಡೂ ಪತ್ರ ಮುಟ್ಯಾವ. ನಮ್ಮ ಮನಿಯವರಿಗೆ ಓದಾಕ ಬರೂದಿಲ್ಲ, ನಾ ಓದಿ ಹೇಳಿದೆ. ಮೊದಲನೇದು ಕೇಳಿದ ದಿನ ಎದ್ದು ಹೋಗಿ ಗಾಡಿ ತೊಳದರು. ತೊಳದ ಗಾಡಿನ ಮತ್ತ ತೊಳದರು. ಆಮ್ಯಾಲ ಬಂದು ಅಂದರು, ‘ನನಗ ಗೊತ್ತಿತ್ತು.’

ಗ್ವಾಡಿ ಮಗ್ಗಲಕ ನಿನ್ನ ಪರೀಕ್ಷಾ ರಟ್ಟು ಕಾಣತಿತ್ತಂತ. ‘ಮತ್ತ ಆ ಮಂದಿ ಬೈಯುವಾಗ ಯಾಕ ಹೇಳಲಿಲ್ಲ?’ ಅಂದೆ. ‘ಹೇಳಿದ್ದರ ಹುಡುಗನ ತೊಗಲ ಸುಲೀತಿದ್ದರು’ ಅಂದರು.

ನನಗೂ ಹೇಳಿರಲಿಲ್ಲ, ಕೇಳಿದಿ? ನಾಲ್ಕ ವರ್ಷ ನಾ ಇವರ ಜೋಡಿ ಜಗಳಾಡೇನಿ. ‘ನೀವೊಬ್ಬರ ಖರೇ, ಊರ ಮಂದೆಲ್ಲಾ ಸುಳ್ಳೇನು?’ ಅಂತ ಎಷ್ಟ ಸಲ ಅಂದೇನಿ. ಮುದ್ದೇಬಿಹಾಳದಾಗ ನನ್ನ ಮನಿಗೆ ಹನ್ನೊಂದ ಹುಡಗ್ಯಾರು ಹೊಲಿಗಿ ಕಲಿಯಾಕ ಬರತಿದ್ದರು. ಎಲ್ಲಾ ಬಿಟ್ಟು ಇಲ್ಲಿ ತವರಮನಿ ಮಗ್ಗಲ ಕುಂತೇನಿ. ಅಂವ ರಸ್ತೆ ಹಾಕಿ ಕುಣದ್ನಂತ, ಕುಣೀಲಿ.

ಇವರು ಅಂತಾರ, ‘ಮಾಫ್ ಮಾಡೇನಿ ಅಂತ ಬರಿ.’ ನಾ ಬರಿಯೂದಿಲ್ಲ. ಪೆನ್ನ ನನ್ನ ಕೈಯಾಗ ಐತಿ.

ಏನ ಮಾಡ್ಲಿ ಅಂತ ಕೇಳೀದಿ. ಕಾಗದದಾಗ ಹೇಳಿದ್ದು ನಮ್ಮ ಮೂರ ಮಂದಿಗೆ ಗೊತ್ತಾತು, ಅಷ್ಟ. ಯಾವ ರಸ್ತೆದಾಗ ನನ್ನ ಗಂಡನ್ನ ಬೈದರು, ಅಲ್ಲೇ ನಿಂತು ಹೇಳು. ಸ್ಟ್ಯಾಂಡಿನಾಗ ಹೇಳು. ಆಮ್ಯಾಲ ಪತ್ರ ಹಾಕು. ಇಲ್ಲಂದ್ರ ಹಾಕಬ್ಯಾಡ.

ಅಖ್ತರಬೇಗಂ


ಮುದ್ದೇಬಿಹಾಳ
17 ನವೆಂಬರ್ 2002

ಕಾಕು, ಕಾಕಾ, ಇಬ್ಬರಿಗೂ,

ಹೇಳಿದ ಮೇಲೆಯೇ ಬರೆಯುತ್ತಿದ್ದೇನೆ. ಅದಕ್ಕೇ ತಡವಾಯಿತು.

ಮೊದಲು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಬಂತು, ಅವಳು ತೆಗೆಯಲಿಲ್ಲ. ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ‘ನಡಿ’ ಅಂದಳು.

‘ಎಲ್ಲಿಗೆ?’

‘ರಸ್ತೆಗೆ. ಅವತ್ತ ಮೊದಲ ಬಾಯಿ ಬಿಟ್ಟಾಕಿ ನಾನ. ನೀ ಒಬ್ಬನ ನಿಂತರ ಹೆಂಗ ಆದೀತು?’

ತಂಗುದಾಣದ ಮುಂದೆ ಇಬ್ಬರೂ ನಿಂತೆವು. ಅವತ್ತು ಬೈದವರಲ್ಲಿ ಬಹಳಷ್ಟು ಮಂದಿ ಬಂದರು. ನಾನು ಹೇಳಿದೆ. ‘ಅಂದ್ರ ಒಂದ ಹುಡುಗನ ಮಾತ ಕೇಳಿ ನಾವೆಲ್ಲಾ ಕುಣದಿವೇನು?’ ಎಂದು ಒಬ್ಬರು ಕೇಳಿದರು. ‘ಹೌದ್ರಿ’ ಅಂದೆ. ಯಾರೂ ನಗಲಿಲ್ಲ. ನನ್ನ ಜೊತೆ ಈಗ ಊರಲ್ಲಿ ಅರ್ಧ ಮಂದಿ ಮಾತಾಡುವುದಿಲ್ಲ. ಅದು ಸರಿಯೇ.

ಇನ್ನು ಸ್ಟ್ಯಾಂಡಿನ ಕಥೆ. ಪಾಳಿ ಪಟ್ಟಿ ಈಗಲೂ ರೇವಪ್ಪಣ್ಣನ ಕೈಯಲ್ಲೇ ಇದೆ. ಅವನನ್ನೂ ಡ್ರೈವರ್ ಅಮಸಿದ್ದನನ್ನೂ ಒಂದು ಮಧ್ಯಾಹ್ನ ಕಂಪ್ಯೂಟರ್ ಕ್ಲಾಸಿಗೆ ಕರೆದುಕೊಂಡು ಹೋದೆ. ಇಬ್ಬರೂ ಗುಡಿಗೆ ಬಂದವರಂತೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು.

‘ಏನಲೇ, ಇಪ್ಪತ್ತ ವರ್ಷ ಗಾಡಿ ಹೊಡದಾಂವಗ ಡಬ್ಬಿಯೊಳಗ ಗಾಡಿ ಬಿಟ್ಟು ಕಲಸ್ತಿ?’ ಅಂದ ರೇವಪ್ಪಣ್ಣ.

‘ನಿಮ್ಮ ಪದ್ಧತಿಲೇನ ಬಿಡ್ತೇನ್ರಿ ಅಣ್ಣಾ. ನೀವ ನೋಡ್ರಿ.’

ತುಂಬುವ ತನಕ ನಿಲ್ಲು ಎಂದು ಎಲ್ಲ ಗಾಡಿಗೂ ಹೇಳಿದೆ. ಹದಿನೈದು ನಿಮಿಷದಲ್ಲಿ ಸ್ಟ್ಯಾಂಡು ಕಟ್ಟಿಕೊಂಡಿತು. ಒಂದು ಗಾಡಿ ಕೆಟ್ಟು ಕರಿ ಹೊಗೆ ಬಿಟ್ಟಿತು.

‘ಥೇಟ್ ಅಮಸಿದ್ದಂದ ಗಾಡಿ!’ ಎಂದು ರೇವಪ್ಪಣ್ಣ ತೊಡೆ ತಟ್ಟಿದ.

‘ನಂದು ಹೊಗಿ ಬಿಟ್ಟರೂ ಹೋಕ್ಕೈತಿ ಅಣ್ಣಾ. ನಿಮ್ಮದ ನೋಡ್ರಿ, ಅದರ ಹಿಂದ ನಿಂತೈತಿ.’

ಆಮೇಲೆ ನನ್ನ ಪದ್ಧತಿ ಶುರು ಮಾಡಿದೆ. ಕರಿಮಟ್ಟಿಯ ಅಂಕಿ ಇಳಿಯತೊಡಗಿತು. ರೇವಪ್ಪಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಕರೆಂಟ್ ಹೋಯಿತು. ‘ಹಿಂಗ ಆಗತೈತಿ ನೋಡು’ ಎಂದು ಎದ್ದು ಹೋದ. ಮರುದಿನ ನಾನು ಬಾಗಿಲು ತೆಗೆಯಲು ಬಂದರೆ ಮೆಟ್ಟಿಲ ಮೇಲೆ ಕುಳಿತಿದ್ದ. ‘ಆ ಕರಿಮಟ್ಟಿ ಮಂದಿ ಕಡೀಕ ಎಷ್ಟ ಉಳದ್ರಲೇ?’ ಅಂದ.

ಮೊನ್ನೆ ಶುಕ್ರವಾರ ಹನ್ನೊಂದೂ ಡ್ರೈವರುಗಳ ಸಭೆ ಆಯಿತು. ಗಾಡಿ ತುಂಬಲಿ ಬಿಡಲಿ, ಗಡಿಯಾರ ನೋಡಿ ಬಿಡಬೇಕು ಅಂದೆ. ಬಾಗೇವಾಡಿಯವರ ಜೊತೆ, ಸಿಂದಗಿಯವರ ಜೊತೆ ಕ್ರಾಸಿನಲ್ಲಿ ಹತ್ತು ನಿಮಿಷದೊಳಗೆ ಕೂಡಬೇಕು ಅಂದೆ. ನಡುವಿನ ಊರುಗಳಿಗೆ ನಾಲ್ಕು ಸೀಟಿನ ಮೇಲೆ ಟವೆಲ್ ಹಾಕಿಕೊಂಡು ಬರಬೇಕು ಅಂದೆ.

ರೇವಪ್ಪಣ್ಣ ಕಣ್ಣು ಸಣ್ಣ ಮಾಡಿದ. ‘ಗಡಿಯಾರ ಡಬ್ಬಿಯೊಳಗ ನೋಡಿದೆ. ಟವೆಲ್ ನೋಡಲಿಲ್ಲಲ್ಲ. ಇದನ್ನ ಯಾರ ಕಲಿಸಿದರು?’

‘ಹಾಜಿಮಲಂಗ ಕಾಕಾ’ ಅಂದೆ. ಎಲ್ಲ ಹೇಳಿದೆ. ಗೋಡೆ, ಕಿಂಡಿ, ಮೂರು ಹಾರ್ನ್, ಹಸಿರು ಟವೆಲ್, ನನ್ನ ಸುಳ್ಳು.

‘ಇಂಥಾ ಸುಳ್ಳಗಾರನ ಮಾತಿಗೆ ನಾವು ಗಾಡಿ ಖಾಲಿ ಬಿಡಬೇಕೇನು?’ ಎಂದು ಹಿಂದಿನಿಂದ ಒಬ್ಬರು ಎದ್ದರು.

‘ನನ್ನ ಮಾತಿಗೆ ಬಿಡಬ್ಯಾಡ್ರಿ. ಹಾಳಿ ಮ್ಯಾಲ ಬರದದ್ದು ತಪ್ಪಿದ್ರ ತೋರಸ್ರಿ’ ಅಂದೆ. ಲೆಕ್ಕದ ಹಾಳೆಯನ್ನು ಎಲ್ಲರ ಮುಂದೆ ಹಾಸಿದೆ.

ರೇವಪ್ಪಣ್ಣ ಆ ಹಾಳೆ ತೆಗೆದುಕೊಂಡು ಕೊನೆಯ ತನಕ ನೋಡಿದ. ಆಮೇಲೆ ಪಾಳಿ ಪುಸ್ತಕ ತೆರೆದ. ‘ಮಲಂಗನ ಹೆಸರ ಹೊಡದಾಂವ ನಾನ. ಒಂದ ಮಾತ ಕೇಳದ ಹೊಡದೆ’ ಅಂದು ನನ್ನ ಪೆನ್ನು ಕಸಿದುಕೊಂಡು ಹೊಸ ಹಾಳೆಯ ಮೊದಲ ಸಾಲಿನಲ್ಲಿ ಬರೆದ: ಬೆಳಿಗ್ಗೆ 6.30, ಹಾಜಿಮಲಂಗ.

‘ಅಂವ ಇಂಡಿಯೊಳಗ ಅದಾನಲ್ಲ ಅಣ್ಣಾ?’ ಅಂದ ಅಮಸಿದ್ದ.

‘ಇರಲಿ. ಅಂವ ಬರೂತನಕ ದಿನಕ್ಕೊಬ್ಬರು ಆ ಪಾಳಿ ಹೊಡೀರಿ. ಹೆಸರ ಅವಂದ.’

ಎಳ್ಳಮಾಸಿ ಹಬ್ಬದ ತನಕ ನೋಡುವುದು, ಆಗದಿದ್ದರೆ ಹಳೆಯ ಪದ್ಧತಿ ಎಂದು ನಿಶ್ಚಯವಾಗಿದೆ. 25ನೇ ತಾರೀಖು ಸೋಮವಾರ ಶುರು.

ಕಾಕು, ರಸ್ತೆಯಲ್ಲೂ ಹೇಳಿದೆ, ಸ್ಟ್ಯಾಂಡಿನಲ್ಲೂ ಹೇಳಿದೆ.

ಸೋಮನಿಂಗ


ಮುದ್ದೇಬಿಹಾಳ
29 ನವೆಂಬರ್ 2002

ಕಾಕಾ,

ಅವಸರದಲ್ಲಿ ಕಾರ್ಡು ಬರೆಯುತ್ತಿದ್ದೇನೆ. ಐದು ದಿನವಾಯಿತು, ಗಾಡಿಗಳು ಖಾಲಿ ಹೋಗುತ್ತಿವೆ. ಆಟದಲ್ಲಿ ಜನ ಸ್ಟಾಪಿನಲ್ಲಿ ನಿಂತಿರುತ್ತಾರೆ, ಗಾಡಿ ಬಂದರೆ ಹತ್ತುತ್ತಾರೆ. ಇಲ್ಲಿ ಎಲ್ಲರೂ ಚಾದಂಗಡಿಯಲ್ಲಿ ಕುಳಿತು ಗಾಡಿ ತುಂಬುವುದನ್ನು ನೋಡುತ್ತಾರೆ. ಖಾಲಿ ಗಾಡಿ ಬಿಡುವುದಿಲ್ಲ ಎಂದು ಅವರಿಗೆ ಹುಟ್ಟಿನಿಂದ ಗೊತ್ತು. ‘ತುಂಬಲಿ, ಬರ್ತೇವಿ’ ಅನ್ನುತ್ತಾರೆ. ಹೊತ್ತಾಯಿತು ಎಂದು ಗಾಡಿ ಹೋಗಿಬಿಟ್ಟರೆ ನಮ್ಮನ್ನೇ ಬೈಯುತ್ತಾರೆ. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮದೇ ನಾಲ್ಕು ಮಂದಿಯನ್ನು ಪ್ರಯಾಣಿಕರಂತೆ ಒಳಗೆ ಕೂಡಿಸಿ, ಜನ ಹತ್ತಿದ ಮೇಲೆ ಇಳಿಸಿಬಿಡೋಣ ಎಂದು ರೇವಪ್ಪಣ್ಣ ಹೇಳುತ್ತಾನೆ. ಹಾಗೆ ಮಾಡಿದರೆ ನಾಳೆಯೇ ತುಂಬುತ್ತವೆ, ನನಗೂ ಗೊತ್ತು. ನಾನು ಒಪ್ಪಲಿಲ್ಲ. ಅದೂ ಸುಳ್ಳೇ. ಈಗ ರೇವಪ್ಪಣ್ಣನಿಗೆ ನನ್ನ ಮೇಲೆ ಸಿಟ್ಟು. ನಿಮಗೆ ಏನು ತೋಚುತ್ತದೆ?

ಸೋಮನಿಂಗ


ಇಂಡಿ
8 ಡಿಸೆಂಬರ್ 2002

ಸೋಮನಿಂಗಗ,

ಮೊನ್ನೆ ರಂಜಾನ್ ಹಬ್ಬ ಆತು. ಕಾರ್ಡು ಹಬ್ಬದ ಹಿಂದಿನ ದಿನ ಬಂತು. ಇವರು ಹೇಳಿದ್ದನ್ನ ಹೇಳಿದಂಗ ಬರೀತೇನಿ:

‘ಮಂದಿ ಕೂಡ್ಸಿ ನಾಟಕ ಮಾಡಬ್ಯಾಡ್ರಿ. ಸ್ಟ್ಯಾಂಡಿನಾಗ ರಸ್ತೆಕ ಮಾರಿ ಮಾಡಿ ಒಂದ ದೊಡ್ಡ ಗಡಿಯಾರ ತೂಗಹಾಕ್ರಿ. ಮುಳ್ಳ ಬಂದ ಕೂಡಲೇ ಬಾಗಲಾ ಹಾಕ್ಕೊಂಡು ಹೊಂಡ್ರಿ. ಹಿಂದ ತಿರುಗಿ ನೋಡಬ್ಯಾಡ್ರಿ, ಕೂಗಿ ಕರಿಯಬ್ಯಾಡ್ರಿ. ಇನ್ನೊಂದ ನಾಲ್ಕ ದಿನ. ಅರ್ಧ ಚಾ ಬಿಟ್ಟು ಓಡಿ ಬರ್ತಾರ. ಆ ರೇವ್ಯಾಗ ಹೇಳು, ನನ್ನ ಪಾಳಿ ಒಂದ ನಿಮಿಷ ತಡಾ ಆದ್ರ ಇಂಡಿಯಿಂದ ಬಂದು ಕಿವಿ ಹಿಂಡತೇನಿ.’

ಇದು ನಂದು: ನೀ ಆ ಮಂದಿ ಕೂಡಸೂ ಮಾತಿಗೆ ಒಪ್ಪಿದ್ರ ನಾ ಈ ಪತ್ರ ಬರೀತಿರಲಿಲ್ಲ. ಮಾಫ್ ಇನ್ನೂ ಬರದಿಲ್ಲ, ಮತ್ತ. ಆದ್ರ ಹಬ್ಬಕ್ಕ ಸುರಕುಂಬಾ ಪಾಯಸಾ ಮಾಡುವಾಗ ನಿನ್ನ ನೆನಪ ಬಂತು. ಸಣ್ಣಾಂವ ಇದ್ದಾಗ ಎರಡ ಬಟ್ಟಲ ಕುಡೀತಿದ್ದಿ.

ಅಖ್ತರಬೇಗಂ


ಮುದ್ದೇಬಿಹಾಳ
30 ಮಾರ್ಚ್ 2003

ಕಾಕಾ, ಕಾಕು,

ಗೆದ್ದೆವು! ಇಷ್ಟು ದಿನ ಸಣ್ಣ ಸಣ್ಣ ಕಾರ್ಡು ಬರೆದೆ, ಇವತ್ತು ದೊಡ್ಡ ಪತ್ರ.

ಕಾಕಾ ಹೇಳಿದ ನಾಲ್ಕು ದಿನ ತಪ್ಪು, ಆರು ದಿನ ಹಿಡಿಯಿತು. ಗಡಿಯಾರ ಹಾಕಿದ ಆರನೇ ದಿನ ಗಾಡಿ ಹೊರಡುತ್ತಿದ್ದಂತೆ ಒಬ್ಬ ಯಜಮಾನರು ಚಾದ ಗ್ಲಾಸು ಹಿಡಿದುಕೊಂಡೇ ಓಡಿ ಬಂದು ಹತ್ತಿದರು. ಅವರ ಹಿಂದೆ ಗ್ಲಾಸಿಗಾಗಿ ಚಾದಂಗಡಿಯವನು. ಅವನ ಹಿಂದೆ ಇನ್ನೂ ಏಳೆಂಟು ಮಂದಿ. ಎಳ್ಳಮಾಸಿ ಬಂದಾಗ ಹಳೆಯ ಪದ್ಧತಿಯ ಮಾತನ್ನು ಯಾರೂ ಎತ್ತಲಿಲ್ಲ. ಜನ ಈಗ ‘ಎಂಟರ ಗಾಡಿ’, ‘ಎಂಟೂವರಿ ಗಾಡಿ’ ಅನ್ನುತ್ತಾರೆ. ಮೊದಲ ಗಾಡಿಯನ್ನು ಮಾತ್ರ ‘ಮಲಂಗನ ಗಾಡಿ’ ಅನ್ನುತ್ತಾರೆ. ಅದನ್ನು ಯಾರೇ ಹೊಡೆಯಲಿ, ಹೆಸರು ಅದೇ.

ಆದರೆ ಗೆಲುವು ಅಂದದ್ದು ಇದಕ್ಕಲ್ಲ. ಮೊನ್ನೆ ಎಸ್ಸೆಸ್ಸೆಲ್ಸಿ ಗಣಿತ ಇತ್ತು.

ನಡುವಿನ ಐದು ಊರುಗಳಿಂದ ಮೂವತ್ತೆಂಟು ಮಕ್ಕಳು ಮುದ್ದೇಬಿಹಾಳಕ್ಕೆ ಬರಬೇಕಿತ್ತು. ಹಿಂದಿನ ವಾರವೇ ಹಾಳೆಯ ಮೇಲೆ ಲೆಕ್ಕ ಹಾಕಿ, ಯಾವ ಗಾಡಿಯಲ್ಲಿ ಎಷ್ಟು ಸೀಟು ಎಂದು ಬರೆದು ಕ್ರಾಸಿನಲ್ಲಿ ಅಂಟಿಸಿದ್ದೆ. ಟವೆಲ್ ಸಾಲದೆ ಬಂತು. ಮಕ್ಕಳ ತಾಯಂದಿರೇ ಮನೆಯಿಂದ ಕಳಿಸಿದರು. ಕೆಂಪು, ನೀಲಿ, ಹರಿದದ್ದು, ಹೊಸದು. ಕ್ರಾಸಿನಲ್ಲಿ ಹತ್ತಿದ ಜನ ನಿಂತುಕೊಂಡೇ ಬಂದರು, ಒಬ್ಬರೂ ಟವೆಲ್ ಸರಿಸಿ ಕೂಡಲಿಲ್ಲ.

ನಾನು ಅಮಸಿದ್ದನ ಗಾಡಿಯಲ್ಲಿದ್ದೆ. ಕರಿಮಟ್ಟಿಯಲ್ಲಿ ಆರು ಮಕ್ಕಳು ಹತ್ತಬೇಕು. ಐವರು ಹತ್ತಿದರು. ಒಂದು ಟವೆಲ್ ಹಾಗೆಯೇ ಉಳಿಯಿತು. ಅಮಸಿದ್ದ ಹಾರ್ನ್ ಹೊಡೆದ. ‘ವಿಜಯಲಕ್ಷ್ಮಿ ಬಂದಿಲ್ಲರಿ’ ಅಂದರು ಮಕ್ಕಳು. ‘ಮನ್ಯಾಗಿಂದ ನಮ್ಮಕಿಂತ ಮೊದಲ ಬಂದಾಳ, ಇಲ್ಲಿ ಇಲ್ಲ.’ ಎಲ್ಲರೂ ಊರ ಕಡೆ ನೋಡುತ್ತಿದ್ದರು.

ನಾನು ಇಳಿದು ತಂಗುದಾಣದ ಹಿಂದಕ್ಕೆ ಹೋದೆ. ಅಲ್ಲಿ ನೋಡಬೇಕೆಂದು ನನಗಲ್ಲದೆ ಇನ್ನಾರಿಗೆ ಹೊಳೆಯಬೇಕು?

ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು, ತೊಡೆಯ ಮೇಲೆ ರಟ್ಟು. ನನ್ನನ್ನು ನೋಡಿ ಮುಖ ಮುಚ್ಚಿಕೊಂಡಳು.

‘ನನಗ ಏನೂ ಬರೂದಿಲ್ರಿ ಅಣ್ಣಾ.’

‘ನನಗೂ ಬರತಿರಲಿಲ್ಲ. ಇಲ್ಲೇ ಕುಂತಿದ್ದೆ, ಇದ ಜಾಗಾದಾಗ.’

ಮುಖದಿಂದ ಕೈ ತೆಗೆದಳು. ನನ್ನ ಕಥೆ ಊರಿಗೆಲ್ಲ ಗೊತ್ತಲ್ಲ. ‘ಮುಂದ?’ ಅಂದಳು.

‘ಮುಂದ ಏನ? ನಾಲ್ಕ ವರ್ಷ ಇಲ್ಲಿಂದ ಏಳಲೇ ಇಲ್ಲ. ಬರಲಿಲ್ಲಂದ್ರ ಬರೂದಿಲ್ಲ ಅಂತ ಬರದ ಬಾ. ಆದ್ರ ಹೋಗಿ ಬರಿ. ಗಾಡಿ ಇನ್ನ ಎರಡ ನಿಮಿಷ ನಿಲ್ಲತೈತಿ.’

‘ಹ್ವಾದ್ರ?’

‘ಹ್ವಾದ್ರ ಹೋಕ್ಕೈತಿ. ನಾ ಗಡಿಯಾರಕ್ಕ ಸುಳ್ಳ ಹೇಳಾಕ ಬರೂದಿಲ್ಲ.’

ಒಂದು ನಿಮಿಷ ಪೂರ್ತಿ ಕುಳಿತೇ ಇದ್ದಳು. ಆಮೇಲೆ ಲಂಗದ ಮಣ್ಣು ಕೊಡವಿಕೊಂಡು ಎದ್ದು ನನಗಿಂತ ಮುಂದೆ ಓಡಿದಳು. ಅಮಸಿದ್ದ ಟವೆಲ್ ಎತ್ತಿದ, ಅವಳು ಕುಳಿತಳು, ಗಾಡಿ ಬಿಟ್ಟಿತು. ಹೊತ್ತು ಸರಿಯಾಗಿತ್ತು. ನನಗೆ ಹತ್ತಲು ಜಾಗ ಉಳಿಯಲಿಲ್ಲ, ಹಿಂದಿನ ಏಣಿ ಹಿಡಿದುಕೊಂಡು ಬಂದೆ. ದಾರಿ ತುಂಬ ಗಾಳಿಗೆ ಕಣ್ಣಲ್ಲಿ ನೀರು. ಗಾಳಿಗೆ ಮಾತ್ರ ಅಂದರೆ ಸುಳ್ಳಾಗುತ್ತದೆ.

ಮೂವತ್ತೆಂಟಕ್ಕೆ ಮೂವತ್ತೆಂಟೂ ಮಕ್ಕಳು ಗಂಟೆ ಹೊಡೆಯುವ ಮೊದಲು ಒಳಗಿದ್ದರು. ರೇವಪ್ಪಣ್ಣ ಪರೀಕ್ಷಾ ಕೇಂದ್ರದ ಹೊರಗೆ ನಿಂತು ಒಬ್ಬೊಬ್ಬರನ್ನೇ ಎಣಿಸಿದ. ಎಣಿಸಿ, ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಗಾಳಿಗೆ ಬೀಸಿದ. ಹನ್ನೊಂದೂ ಗಾಡಿಯವರು ಒಟ್ಟಿಗೆ ಹಾರ್ನ್ ಹೊಡೆದರು. ಪರೀಕ್ಷೆ ನಡೆಯುವ ಜಾಗದಲ್ಲಿ ಏನು ಗದ್ದಲ ಎಂದು ಪೊಲೀಸರು ಬೈದು ಓಡಿಸಿದರು. ಬೈಗುಳ ತಿಂದು ಇಷ್ಟು ಸಂತೋಷಪಟ್ಟವರನ್ನು ಅವರು ನೋಡಿರಲಿಕ್ಕಿಲ್ಲ.

ವಿಜಯಲಕ್ಷ್ಮಿ ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಸಂಜೆ ಇಳಿಯುವಾಗ ‘ಅರ್ಧಾ ಬರದೇನ್ರಿ’ ಅಂದಳು.

ಅವ್ವ ಒಂದು ಟವೆಲ್ ಕೊಂಡು ಇಟ್ಟಿದ್ದಾಳೆ. ಹಸಿರು ಚೌಕಡಿಯದು. ಅದು ನಿಮಗಂತೆ. ಕೈಯಾರೆ ಕೊಡಬೇಕಂತೆ.

ಸೋಮನಿಂಗ


ಇಂಡಿ
9 ಏಪ್ರಿಲ್ 2003

ಸೋಮನಿಂಗಗ,

ನಿನ್ನ ಪತ್ರ ಮೂರ ಸಲ ಓದಿಸಿಕೊಂಡರು. ಆ ಹುಡುಗಿ ಗ್ವಾಡಿ ಹಿಂದ ಕುಂತದ್ದು ಬಂದ ಕೂಡಲೇ ಕೈ ಎತ್ತಿ ‘ನಿಂದ್ರು’ ಅಂದರು. ಸ್ವಲ್ಪ ಹೊತ್ತಿನ ಮ್ಯಾಲ ‘ಹ್ಞೂಂ, ಓದು’ ಅಂದರು. ಮುಗದ ಮ್ಯಾಲ ಇವತ್ತೂ ಗಾಡಿ ತೊಳದರು. ಆದ್ರ ಇವತ್ತ ಹಾಡ್ಕೋತ ತೊಳದರು.

ನಾ ಅದ ಪತ್ರ ಇಲ್ಲಿ ಸ್ಟ್ಯಾಂಡಿಗೆ ಒಯ್ದು ಓದಿದೆ. ಹೌದು, ನಾನ. ಇಂಡಿ–ಸಿಂದಗಿ ರಸ್ತೆಗೆ ಒಂಬತ್ತ ಗಾಡಿ ಅದಾವ, ಒಂಬತ್ತೂ ತುಂಬೂತನಕ ನಿಲ್ಲತಾವ. ಮೊದಲ ನಕ್ಕರು. ಆಮ್ಯಾಲ ಒಬ್ಬರು ‘ಆ ಹುಡುಗ ಇಲ್ಲಿಗೆ ಬರತಾನೇನ್ರಿ?’ ಅಂತ ಕೇಳಿದರು.

ನಿನ್ನ ಡಬ್ಬಿಯೊಳಗ ಇಂಡಿ ಒಂಟಿ ಐತಿ ಅಂದಿದ್ದಿ. ಬಂದು ಕೂಡಸು. ಇಲ್ಲಿಯದು ಹಾದಿಗೆ ಹತ್ತಿದ ಮ್ಯಾಲ ನಾವು ಮುದ್ದೇಬಿಹಾಳಕ್ಕ ಬರತೇವಿ. ಮೊದಲನೇ ಪಾಳಿ ಇವರು ತಾವ ಹೊಡೀತಾರಂತ. ನನ್ನ ಹೊಲಿಗಿ ಮಷಿನ್ನಿಗೆ ಎಣ್ಣಿ ಹಾಕಿಟ್ಟೇನಿ.

ಇವರು ಅವತ್ತಿಂದ ಬರಿ ಅಂತಿದ್ದ ಮಾತ ಇವತ್ತ ಬರೀತೇನಿ. ಇವರ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಮಾಫ್.

ಲಗೂನ ಬಾ.

ನಿನ್ನ ಕಾಕು
ಅಖ್ತರಬೇಗಂ


ಮುದ್ದೇಬಿಹಾಳ
16 ಏಪ್ರಿಲ್ 2003

ಕಾಕು, ಕಾಕಾ,

ಇದಕ್ಕೆ ಅಂಚೆ ಚೀಟಿ ಹಚ್ಚಿಲ್ಲ. ಎಂಟರ ಗಾಡಿಯ ಅಮಸಿದ್ದನ ಕೈಗೆ ಕೊಡುತ್ತಿದ್ದೇನೆ. ಅವನು ಕ್ರಾಸಿನಲ್ಲಿ ಸಿಂದಗಿ ಗಾಡಿಯವನಿಗೆ ಕೊಡುತ್ತಾನೆ, ಸಿಂದಗಿಯಿಂದ ನಿಮ್ಮ ಇಂಡಿಯವರು ಯಾರಾದರೂ ತರುತ್ತಾರೆ. ಇವತ್ತು ಸಂಜೆಗೆ ನಿಮ್ಮ ಕೈ ಸೇರಿದರೆ ನಮ್ಮ ಹಾದಿ ಸರಿಯಿದೆ ಎಂದು ತಿಳಿಯಿರಿ.

ಆ ಒಂದು ಮಾತಿದ್ದ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ‘ಇನ್ನೊಮ್ಮೆ ಓದು’ ಅಂದಳು. ಆಮೇಲೆ ಒಳಗೆ ಹೋಗಿ ನಿಮಗಾಗಿ ಶೇಂಗಾ ಚಟ್ನಿ ಕುಟ್ಟತೊಡಗಿದಳು. ಹಸಿರು ಟವೆಲನ್ನು ಅವಳು ತಾನೇ ಕೊಡುತ್ತಾಳಂತೆ, ನನ್ನ ಕೈಯಲ್ಲಿ ಕಳಿಸುವುದಿಲ್ಲವಂತೆ. ಅದಕ್ಕೆ ಅವಳೂ ಬರುತ್ತಿದ್ದಾಳೆ. ಸುನಂದಾ ಟೀಚರು ಆಟದ ನಕ್ಷೆಯನ್ನು ಫ್ಲಾಪಿಗೆ ಹಾಕಿಕೊಟ್ಟು, ‘ಅಲ್ಲೂ ಕುಣದು ಹುಡಗ್ಯಾರನ್ನ ಹೆದರಸಬ್ಯಾಡ’ ಅಂದರು. ಬರುವ ವರ್ಷ ಗಣಿತದ ಪೇಪರಿಗೆ ಹೊರಗಿನಿಂದ ಕೂಡಲು ಅರ್ಜಿಯನ್ನೂ ಟೈಪ್ ಮಾಡಿಟ್ಟಿದ್ದಾರೆ. ಸಹಿ ಮಾಡಿದೆ.

ಮಲಂಗನ ಗಾಡಿಯಲ್ಲಿ ಮುಂದಿನ ಎರಡು ಸೀಟಿಗೆ ರೇವಪ್ಪಣ್ಣ ಈಗಲೇ ಟವೆಲ್ ಹಾಕಿಟ್ಟಿದ್ದಾನೆ. ಏಳೂವರೆಗೆ ಕ್ರಾಸು, ಏಳು ನಲವತ್ತಕ್ಕೆ ಸಿಂದಗಿ ಗಾಡಿ. ಸಿಂದಗಿಯಿಂದ ಮುಂದೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ಬರೆಯಲಾರೆ, ಅಲ್ಲಿ ಇನ್ನೂ ಗಾಡಿ ತುಂಬಬೇಕು.

ನಾಳೆ ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ.

ಸೋಮನಿಂಗ